ನೀಲಗಂಗವ್ವನ ಲಾಭಾಂಶ

“ಒಲಿ ಆರಿಸಿದ ಮ್ಯಾಲ ಏನ ಉಣ್ಣಲೋ ತಮ್ಮಾ, ನಿನ್ನ ಕಾಗದಾ ಹುರದ ಉಣ್ಣಲೇನು?” ಎಂದು ನೀಲಗಂಗವ್ವ ಕೇಳಿದಳು. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಅವಳ ಕಣ್ಣು ಮಾತ್ರ ನನ್ನ ಮೇಲಿತ್ತು.

ನಾನಾಗ ಷೇರು ದಲ್ಲಾಳಿಯೊಬ್ಬರ ಕಚೇರಿಯಲ್ಲಿ ಗುಮಾಸ್ತ. ಒಂಬತ್ತು ವರ್ಷದಿಂದ ಎರಡೂ ಹೊತ್ತು ಉಣ್ಣುತ್ತಿದ್ದದ್ದು ಅವಳ ಖಾನಾವಳಿಯಲ್ಲಿ. ಇನ್ನೂ ಹೀಗೆಯೇ ಒಲೆಯ ಮುಂದೆ ಕೂತರೆ ನಡೆಯುವ ಆಸೆ ಬಿಡಬೇಕೆಂದು ಡಾಕ್ಟರು ಅವಳ ಮೊಣಕಾಲು ಒತ್ತಿ ನೋಡಿ ಹೇಳಿದ್ದರು. ಗಂಡನ ಕಾಲದ ಒಂದು ಸೈಟು ಮಾರಿದ ಹಣ ಅವಳಲ್ಲಿತ್ತು. ಅದನ್ನು ಲಾಭಾಂಶ ಹಂಚುವ ಒಂದು ಇಟಿಎಫ್‌ನಲ್ಲಿ ತೊಡಗಿಸಲು ನಾನೇ ಹೇಳಿದ್ದೆ. ಹಲವು ಕಂಪನಿಗಳ ಷೇರು ಒಂದೇ ಗಂಟಿನಲ್ಲಿ. ಆ ಗಂಟಿನ ಪಾಲನ್ನು ಪೇಟೆಯಲ್ಲಿ ಷೇರಿನಂತೆಯೇ ಕೊಳ್ಳಬಹುದು, ಮಾರಬಹುದು. ಕಂಪನಿಗಳು ಕೊಟ್ಟ ಲಾಭಾಂಶ ಮೂರು ತಿಂಗಳಿಗೊಮ್ಮೆ ಖಾತೆಗೆ ಬರುತ್ತದೆ ಎಂದು ವಿವರಿಸಿದ್ದೆ.

ಅವಳಿಗೆ ಅರ್ಥವಾಗಲು ಹೊತ್ತೇನೂ ಹಿಡಿದಿರಲಿಲ್ಲ. “ಅಂದ್ರ ನಲವತ್ತು ಗಿರಾಕಿ ಇದ್ದಂಗ. ನಾಕ ಮಂದಿ ಊರಿಗೆ ಹ್ವಾದ್ರೂ ಒಲಿ ಉರೀತೈತಿ” ಅಂದಿದ್ದಳು. ಪೇಟೆ ಬಿದ್ದಾಗಲೂ ಅವಳು ಹೆದರಲಿಲ್ಲ, ಹೆದರಿದವನು ನಾನು.

ಆದರೆ ವರ್ಷ ಕಳೆದರೂ ಅವಳು ಒಲೆ ಬಿಡಲಿಲ್ಲ. ಪ್ರತಿ ಸಲ ಲಾಭಾಂಶ ಬಂದಾಗಲೂ, “ನನ್ನ ಖರ್ಚಿನ ಅರ್ಧಕ್ಕೂ ಸಾಲೂದಿಲ್ಲ” ಎನ್ನುವಳು. ಉಣಿಸುವವಳ ಖರ್ಚನ್ನು ಉಣ್ಣುವವನು ಕೆದಕುವುದು ಸರಿಯಲ್ಲವೆಂದು ನಾನು ಲೆಕ್ಕ ಕೇಳುತ್ತಿರಲಿಲ್ಲ.

ಆ ದಿನ ಅವಳು ಇಟಿಎಫ್‌ನ ಪಾಲನ್ನೆಲ್ಲ ಮಾರಲು ನಿಶ್ಚಯಿಸಿಬಿಟ್ಟಿದ್ದಳು. ಪಂಕ್ತಿಯಲ್ಲಿ ನಮ್ಮೊಡನೆ ಉಣ್ಣುತ್ತಿದ್ದ ತೋಟಪ್ಪ ಮಾಸ್ತರರು, ಇದರ ಎರಡರಷ್ಟು ಲಾಭಾಂಶ ಕೊಡುವ ಒಂದು ಕಂಪನಿಯ ಹೆಸರು ಅವಳ ಕಿವಿಗೆ ಹಾಕಿದ್ದರು.

“ಒಂದ ಕಂಪನಿ ಅವ್ವಾ! ಹೋದ ವರ್ಷ ಕೊಟ್ಟೈತಿ ಅಂದ್ರ ಬರೂ ವರ್ಷ ಕೊಡತೈತೇನು? ಒಬ್ಬ ಗಿರಾಕಿನ್ನ ನೆಚ್ಚಿ ನೀ ಖಾನಾವಳಿ ನಡಸ್ತಿದ್ದೇನು?” ಎಂದೆ.

“ನನಗ ಗೊತ್ತಿಲ್ಲೇನೋ ಅದು? ಆದ್ರ ಹೊಟ್ಟಿ ಕೇಳಬೇಕಲ್ಲ!”

“ಖಾನಾವಳಿ ಮುಚ್ಚಿದ ಮ್ಯಾಲ ನಿನ್ನ ಹೊಟ್ಟಿಗೆ ಎಷ್ಟ ಬೇಕು, ಹೇಳು ನೋಡೋಣು.”

ಅವಳು ಹಿಟ್ಟಿನ ಕೈ ಒರೆಸಿಕೊಂಡು, ಗೋಡೆಯ ಮೊಳೆಗೆ ಚುಚ್ಚಿದ್ದ ಚೀಟಿ ಕಿತ್ತು ಕೊಟ್ಟಳು. ತಿಂಗಳಿಗೆ ಜೋಳ ಎಂಬತ್ತು ಕಿಲೋ. ತೊಗರಿಬೇಳೆ ಹತ್ತು. ಎಣ್ಣೆ ಎಂಟು. ಉಳ್ಳಾಗಡ್ಡಿ ಒಂದು ಚೀಲ. ಕಟ್ಟಿಗೆ ಒಂದು ಗಾಡಿ.

“ಅವ್ವಾ, ಇದು ಯಾರ್ ಯಾರ ಊಟ?”

“ನನ್ನದ! ಮತ್ತ್ಯಾರದು? ಮೊದಲಿನ ಕಾಲು ಭಾಗಕ್ಕ ಇಳಿಸೀನಿ ನೋಡು. ಇನ್ನೂ ಕಡಿಮಿ ಮಾಡಿದ್ರ ಪಲ್ಯಾ ತಳಾ ಹಿಡೀತೈತಿ.”

ನಾನು ನಕ್ಕುಬಿಟ್ಟೆ. ಕೂಡಲೇ ತಪ್ಪಾಯಿತೆನಿಸಿತು. ಹತ್ತೊಂಬತ್ತನೆಯ ವಯಸ್ಸಿಗೆ ಅತ್ತೆಯ ಕೈಯಿಂದ ಸೌಟು ತೆಗೆದುಕೊಂಡವಳು ಒಬ್ಬಳಿಗೆಂದು ಒಂದು ದಿನವೂ ಅಡಿಗೆ ಮಾಡಿರಲಿಲ್ಲ. ಒಬ್ಬರ ಊಟದ ಅಳತೆ ಅವಳ ಕೈಗೆ ತಿಳಿದೇ ಇರಲಿಲ್ಲ.

“ದಿನಕ್ಕ ನೀ ಎಷ್ಟ ರೊಟ್ಟಿ ತಿಂತಿ?”

“ಎರಡು. ಹಸಿವಾದ್ರ ಮೂರು.”

ಚೀಟಿಯ ಹಿಂಬದಿಯಲ್ಲಿ ಹೊಸದಾಗಿ ಬರೆಯುತ್ತ ಹೋದೆ. ಜೋಳ ಎಂಟು ಕಿಲೋ ಎಂದಾಗ ಅವಳು, “ಗುಬ್ಬಿ ಸಾಕೂದಕ್ಕ ಹೊಂಟೀಯೇನು?” ಎಂದು ಚೇಷ್ಟೆ ಮಾಡಿದಳು. ಎಣ್ಣೆ, ಬೇಳೆ, ಬಾಡಿಗೆ, ಔಷಧಿ ಎಲ್ಲ ಕೂಡಿಸಿದೆ. ಪಕ್ಕದಲ್ಲಿ ನಾಲ್ಕು ಸಲ ಬಂದ ಲಾಭಾಂಶದಲ್ಲಿ ಅತಿ ಕಡಿಮೆಯದನ್ನೇ ಹಿಡಿದು ಮೂರರಿಂದ ಭಾಗಿಸಿದೆ. ಖರ್ಚು ಕಳೆದು ಇನ್ನೂ ಒಂದಿಷ್ಟು ಉಳಿಯುತ್ತಿತ್ತು.

ಅವಳು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

“ಅಂದ್ರ ವರ್ಷದಿಂದ ಸುಮ್ಮನ ಮೊಣಕಾಲ ತೇದೆ ಅನ್ನು.”

“ನಾನು ಮೊದಲ ಕೇಳಬೇಕಿತ್ತವ್ವಾ.”

“ನೀ ಎಲ್ಲಿ ಕೇಳ್ತಿ? ಬಾಯಾಗ ಸದಾ ನನ್ನ ರೊಟ್ಟಿ ಇರತಿತ್ತಲ್ಲ! ಈ ತಿಂಗಳ ಮುಗೀಲಿ, ನಿಮ್ಮೆಲ್ಲಾರಿಗೂ ಬ್ಯಾರೆ ಖಾನಾವಳಿ ನೋಡಿಕೊಳ್ರಿ ಅಂತೀನಿ. ನಡಿ, ಪ್ಯಾಟಿಗೆ ಹೋಗೋಣು. ನನ್ನ ಮನ್ಯಾಗ ಒಬ್ಬರ ಬ್ಯಾಳಿ ಬೇಯೂ ಭಾಂಡೆ ಇಲ್ಲ.”

ಭಾಂಡೆ ಅಂಗಡಿಯಲ್ಲಿ ಅವಳು ಎಲ್ಲಕ್ಕಿಂತ ಚಿಕ್ಕ ಪಾತ್ರೆಯೊಂದನ್ನು ಎತ್ತಿ, ಬೆರಳ ಗೆಣ್ಣಿನಿಂದ ಬಡಿದು ನಾದ ಕೇಳಿ, ಮುಚ್ಚಳ ಸಮೇತ ಕೊಂಡಳು. ಮನೆಗೆ ಬಂದು ಖಾನಾವಳಿಯ ದೊಡ್ಡ ಒಲೆಯ ಮೇಲಿಟ್ಟರೆ ಅದು ಒಳಕ್ಕೇ ಜಾರಿತು. ಅವಳು ಹಿತ್ತಿಲಿಗೆ ಹೋಗಿ ಮೂರು ಕಲ್ಲು ತಂದು ಒಲೆಯ ಬಾಯಿಗೆ ಜೋಡಿಸಿ, ಪಾತ್ರೆಯಲ್ಲಿ ಒಂದು ಹಿಡಿ ಬೇಳೆ ಹಾಕಿ ಇಟ್ಟಳು. ಸ್ವಲ್ಪ ಹೊತ್ತಿಗೆ ಆ ಪುಟ್ಟ ಮುಚ್ಚಳ ತಟತಟ ಕುಣಿಯತೊಡಗಿತು.