ಬೆಣಚುಕಲ್ಲಿನ ಗೆರೆ

ಬಸವಂತರಾಯ ಸರ್ ಮುದ್ದೇಬಿಹಾಳದ ಕಾಲೇಜಿನಲ್ಲಿ ನನಗೆ ಭೂವಿಜ್ಞಾನ ಕಲಿಸಿದವರು. ಒಮ್ಮೆ ತಪ್ಪು ಉತ್ತರ ಹೇಳಿದೆನೆಂದು ಕೈಗೊಂದು ಬೆಣಚುಕಲ್ಲು ಕೊಟ್ಟು ಇಡೀ ಪೀರಿಯಡ್ ನಿಲ್ಲಿಸಿದ್ದರು. "ಪ್ರಿಯದರ್ಶಿನಿ, ನಿನಗಿಂತ ಈ ಕಲ್ಲ ಶಾಣ್ಯಾ ಐತಿ." ಕ್ಲಾಸೆಲ್ಲ ನಕ್ಕಿತ್ತು. ಹದಿನಾಲ್ಕು ವರ್ಷವಾದರೂ ಆ ನಗು ನನಗೆ ಅರಗಿಲ್ಲ.

ನಾಲತವಾಡದಾಚೆ ಹೊಲಗಳ ನಡುವೆ ದುಂಡನೆಯ ತಗ್ಗೊಂದಿದೆ. ಆಕಾಶದಿಂದ ಬಿದ್ದ ಬಂಡೆಯೇ ಅದನ್ನು ತೋಡಿತೆಂದು ಸರ್ ಇಪ್ಪತ್ತೆರಡು ವರ್ಷ ಹೇಳುತ್ತ ಬಂದರು, ಮಂದಿ ಆಡಿಕೊಂಡರು. ಪುರಾವೆ ಸಿಗುವುದು ಕಲ್ಲಿನೊಳಗೆ. ಅಂಥ ಹೊಡೆತಕ್ಕೆ, ಕಣ್ಣು ಮಿಟುಕಿಸುವುದರೊಳಗೆ, ಬೆಣಚಿನ ಹರಳಿನ ಜೋಡಣೆ ಕುಸಿದು ನೆಟ್ಟನೆಯ ಗೆರೆಗಳು ಸಾಲುಸಾಲಾಗಿ ಮೂಡುತ್ತವೆ. ಅಲ್ಲಲ್ಲಿ ಅದೇ ಬೆಣಚು ಇನ್ನೂ ಒತ್ತಾದ ಬೇರೊಂದು ಹರಳಾಗುತ್ತದೆ. ಭೂಮಿಯ ನಿಧಾನದ ಒತ್ತಡಕ್ಕೆ ಮೂಡುವ ಗೆರೆಗಳು ಡೊಂಕು.

ಆ ತಗ್ಗಿನಿಂದ ಅವರು ಕಳಿಸಿದ ಕಲ್ಲನ್ನು ನಾನೀಗ ಸಂಶೋಧನೆ ಮಾಡುವ ಪ್ರಯೋಗಾಲಯದಲ್ಲಿ ಕೊಯ್ದು ನೋಡಿದೆ. ಗೆರೆಗಳು ನೆಟ್ಟಗಿದ್ದವು. ಒತ್ತಾದ ಹರಳೂ ಇತ್ತು. ಮುದುಕ ಗೆದ್ದಿದ್ದ.

ಅವರ ಮನೆಗೆ ಹೋಗಿ, "ಗೆರಿ ಡೊಂಕ ಅದಾವ್ರಿ ಸರ್" ಎಂದೆ.

ಸೋತ ಮನುಷ್ಯ ತನ್ನ ನೋಟುಬುಕ್ಕನ್ನು ನನಗೇ ಕೊಟ್ಟುಬಿಡುತ್ತಾನೆ, ಮುಂದೆ ತಗ್ಗಿನ ಬಗೆಗಿನ ಲೇಖನ ನನ್ನೊಬ್ಬಳ ಹೆಸರಿನಲ್ಲಿ ಬರುತ್ತದೆ ಎಂಬುದು ನನ್ನ ಲೆಕ್ಕಾಚಾರ. ಯಾವ ಕಲ್ಲು ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತೆಂಬುದು ಅದರಲ್ಲಿ ಮಾತ್ರ ಇತ್ತು. ಅದಿಲ್ಲದಿದ್ದರೆ ನನ್ನ ಕಲ್ಲನ್ನು ಯಾರೂ ನಂಬುವುದಿಲ್ಲ.

"ಸರಿಯಾಗಿ ನೋಡೀಯೇನು?"

"ಮೂರ ಸಲ ನೋಡೇನ್ರಿ."

ಅವರು ಕನ್ನಡಕ ತೆಗೆದು ಕೆಳಗಿಟ್ಟರು. ನನಗೆ ಹಿತವಾಯಿತು, ಮುಚ್ಚಿಡುವುದೇನು.

"ಇಷ್ಟ ವರ್ಷ ಮಂದಿ ಹಿಂದಿಂದ ನಕ್ಕರು. ಮಾರಿ ಮ್ಯಾಲ ಖರೆ ಹೇಳಿದಾಕಿ ನೀ ಒಬ್ಬಾಕಿನ."

"ನೋಟುಬುಕ್ಕ ನನ್ನ ಕಡೆ ಇರಲಿ ಬಿಡ್ರಿ ಸರ್."

"ನನ್ನ ಹುಚ್ಚ ನಿನಗ್ಯಾಕ ಬೇಕು" ಎನ್ನುತ್ತ ನೋಟುಬುಕ್ಕು ಹಿಡಿದು ಎದ್ದು ಹಿತ್ತಲಿಗೆ ನಡೆದರು. ನಾನೂ ಹಿಂದೆ ಹೋದೆ. ಅವರ ಹೆಂಡತಿ ಹೊನ್ನವ್ವ ಬಚ್ಚಲ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದರು. ಸರ್ ನೋಟುಬುಕ್ಕನ್ನು, ಅದರೊಳಗಿದ್ದ ಲೇಖನದ ಕರಡಿನ ಸಮೇತ, ಉರಿಗೆ ನೂಕಿದರು. ಕರಡಿನ ಮೊದಲ ಹಾಳೆ ಬಿಚ್ಚಿಕೊಂಡಿತು. ತಲೆಬರಹದ ಕೆಳಗೆ ಎರಡು ಹೆಸರು. ಮೊದಲನೆಯದು ನನ್ನದು.

ಇಕ್ಕಳ ನನ್ನ ಕಾಲ ಬಳಿಯೇ ಇತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ಅವರೆದುರು ಸುಳ್ಳಿಯಾಗುವುದಕ್ಕಿಂತ ಅದು ಸುಟ್ಟುಹೋಗುವುದೇ ಮೇಲೆನಿಸಿತು.

"ನೀರ ಕಾದಾವ. ಕೈಕಾಲ ತೊಳ್ಕೊ ತಂಗಿ, ಉಂಡ ಹೋಗುವಂತಿ" ಎಂದರು ಹೊನ್ನವ್ವ.

ಆ ನೀರಿನಲ್ಲೇ ಕೈ ತೊಳೆದು ಎರಡು ರೊಟ್ಟಿ ಉಂಡೆ.