ಹತ್ತು ತಿಂಗಳ ದಿಯೊಲಿಂಡಾ

ದಿಯೊಲಿಂಡಾ ಫುರ್ತಾದೊಗೆ ಕಣ್ಣಿರುವುದು ಮೊಣಕಾಲಿನಲ್ಲಿ ಎಂದು, ಅಜೋರ್ಸ್ ದ್ವೀಪಗಳಿಂದ ಅಮೆರಿಕದ ಈ ಬಂದರಿಗೆ ಬಂದು ನೆಲೆಸಿದ ನಮ್ಮ ಬೀದಿಯವರು ಹೇಳಿ ನಗುತ್ತಿದ್ದರು. ನಕ್ಕವರೇ ಬೆಳಕು ಹರಿಯುವ ಮುನ್ನ ಕೂಸುಗಳನ್ನು ಕಂಬಳಿಯಲ್ಲಿ ಸುತ್ತಿ ತಂದು ಆಕೆಯ ತೋಳಿಗೆ ಹಾಕಿ, ಮೀನು ಕಾರ್ಖಾನೆಯ ಪಾಳಿಗೆ ಓಡುತ್ತಿದ್ದರು. ಆ ಹೊತ್ತಿನಲ್ಲಿ ಬಾಗಿಲು ತೆರೆಯುವ ಇನ್ನೊಂದು ಮನೆ ಊರಿನಲ್ಲಿರಲಿಲ್ಲ.

ನಡೆದರೆ ಆಕೆ ಅಲೆಗೆ ಸಿಕ್ಕ ದೋಣಿ; ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಾಟ. ನೆಲಕ್ಕಿಳಿದರೆ ಮಾತ್ರ ಆ ಗಾಂಭೀರ್ಯವೇ ಬೇರೆ. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಪರವಾನಗಿಯ ತಪಾಸಣೆ ಬಂತೆಂದರೆ ಉಳಿದ ಹೆಂಗಸರು ಕಿಟಕಿಗೆ ಹೊಸ ಪರದೆ ಕಟ್ಟುವರು; ಈಕೆ ತೀರಿಹೋದ ಗಂಡನ ಗಿರಣಿ ಕೆಲಸದ ಪ್ಯಾಂಟು ತೊಟ್ಟು, ಅದರ ಮಂಡಿಗೆ ಹೊಲಿದ ಜಮಖಾನೆಯ ತುಂಡುಗಳನ್ನು ತಟ್ಟಿಕೊಂಡು, ಎಪ್ಪತ್ತು ದಾಟಿದ ದೇಹವನ್ನು ಅಂಬೆಗಾಲಿಗಿಳಿಸಿ, ಔಷಧದ ಕಪಾಟಿನ ಚಿಲಕವನ್ನು ಕೆಳಗಿನಿಂದ ಎಳೆಯುತ್ತ, ಮೇಜಿನಡಿ ಅಂಗಾತ ಮಲಗಿ ಮರದ ಸಿಬಿರು ಹುಡುಕುತ್ತ, ಕೂಸಿನ ಕಣ್ಣಿಗೆ ಕಾಣುವುದನ್ನೆಲ್ಲ ನೋಡುತ್ತ ಇಡೀ ಮನೆಗೆ ಪ್ರದಕ್ಷಿಣೆ ಹಾಕುವಳು. ಮೇಲಿನ ಅಂತಸ್ತಿನ ನಾನು ಏನಾದರೂ ಕೇಳಲು ಇಳಿದರೆ ತಲೆಯನ್ನೇ ಎತ್ತಳು.

"ಮಾತಾಡಿಸಬೇಡ ಕಣೆ. ನನಗೀಗ ಹತ್ತು ತಿಂಗಳು."

ಒಮ್ಮೆ ಪಾದ್ರಿಗಳಿಗೂ ಇದೇ ಉತ್ತರ ಸಿಕ್ಕಿತು. ಪಾಪ, ಅವರು ಟೋಪಿ ಕೈಯಲ್ಲಿ ಹಿಡಿದು, ಆಕೆಗೆ ವಯಸ್ಸು ಮರಳುವವರೆಗೆ ಮೆಟ್ಟಿಲ ಮೇಲೆ ಕೂತಿದ್ದರು.

ಕಡೆಯ ತಪಾಸಣೆಯ ಹಿಂದಿನ ದಿನ ಹೀಗೆಯೇ ಸುತ್ತುತ್ತಿದ್ದವಳು ಹಿಂದಿನ ಕೋಣೆಯ ಕಿಟಕಿಯ ಬಳಿ ಅಂಬೆಗಾಲಿನಲ್ಲೇ ತಡೆದು ನಿಂತಳು. ನಾನೂ ಮಂಡಿಯೂರಿ ನೋಡಿದೆ. ಕಿಟಕಿಯ ಕೆಳದಂಡೆಯ ಅಡಿಮಗ್ಗುಲಲ್ಲಿ, ನಿಂತವರಿಗೆ ಎಂದೂ ಕಾಣದ ಕಡೆ, ಎಳೆ ಹಲ್ಲುಗಳ ಗುರುತು. ಆಕೆಯ ಬಳಿ ಬಿಟ್ಟುಹೋಗುವ ಕೂಸುಗಳಲ್ಲೊಬ್ಬ, ಹಲ್ಲು ಬರುತ್ತಿದ್ದ ಪುಟ್ಟ ಇವೊ, ಅದನ್ನು ಹಿಡಿದು ನಿಂತು ಕಚ್ಚಿದ್ದ; ಬಿಳಿ ಬಣ್ಣ ಚಕ್ಕೆಯೆದ್ದು ಒಳಗಿನ ಹಳೆಯ ಹಸಿರು ಇಣುಕುತ್ತಿತ್ತು. ಆ ಕಾಲದ ಬಣ್ಣಕ್ಕೆ ಸೀಸ ಬೆರೆಸುತ್ತಿದ್ದರು. ಮಗುವಿನ ಹೊಟ್ಟೆಗೆ ಹೋದರೆ ಅದು ವಿಷ. ಇದು ತಿಳಿದರೆ ಪರವಾನಗಿ ಇಲ್ಲ. ಮನೆ ಪೂರ್ತಿ ಕೆರೆಸಲು ಮನೆಯೊಡೆಯ ಕೈ ಬಿಚ್ಚುವವನೂ ಅಲ್ಲ.

"ತೀಯಾ, ಮೇಲೊಂದು ಕೈ ಬಿಳಿ ಬಣ್ಣ ಬಳಿದುಬಿಡೋಣ," ಎಂದೆ. ಬೀದಿಗೆಲ್ಲ ಆಕೆ ತೀಯಾ, ಚಿಕ್ಕಮ್ಮ. "ತಪಾಸಣೆಗೆ ಬರೋ ಹೆಂಗಸು ಇಲ್ಲಿ ಬಗ್ಗಿ ನೋಡ್ತಾಳಾ?"

"ಅವಳ್ಯಾಕೆ ನೋಡ್ತಾಳೆ? ಅವಳಿಗೇನು ಹಲ್ಲು ಬರ್ತಿದೆಯಾ? ಬಗ್ಗೋನು ಇವೊ."

ಅಂದೇ ಇವೊನ ತಾಯಿ ಫಿಲೋಮೆನಾಗೆ ತಾನಾಗಿ ಹೇಳಿ ರಕ್ತಪರೀಕ್ಷೆಗೆ ಕಳಿಸಿದಳು. ದೇವರು ದೊಡ್ಡವನು, ಮಗುವಿಗೆ ಏನೂ ಆಗಿರಲಿಲ್ಲ.

ಮರುದಿನ ತಪಾಸಣೆಗೆ ಬಂದ ಅಧಿಕಾರಿಣಿ ಬ್ರಾನಿಗನ್, ಕೂಸುಗಳನ್ನು ತಡೆಯುವ ಅಡ್ಡಗೇಟು, ಬಿಸಿನೀರು, ಹಿಂಬಾಗಿಲು ಎಲ್ಲವನ್ನೂ ನೋಡಿ, ಮೆಚ್ಚಿ, ಪೆನ್ನಿನ ಮುಚ್ಚಳ ತೆಗೆದರು.

"ಇನ್ನೊಂದಿದೆ," ಎಂದಳು ದಿಯೊಲಿಂಡಾ. "ಸ್ವಲ್ಪ ಕೆಳಗೆ ಬರ್ಬೇಕು ನೀವು."

ಬೂದುಬಣ್ಣದ ಇಸ್ತ್ರಿ ಲಂಗದಲ್ಲೇ ಬ್ರಾನಿಗನ್ ಮಂಡಿಯೂರಿದರು. ನೋಡಿದವರು ಬಹಳ ಹೊತ್ತು ಏಳಲಿಲ್ಲ.

"ಇದನ್ನ ತೋರಿಸಿದ್ಮೇಲೆ ನಾನು ಸಹಿ ಹಾಕೋ ಹಾಗಿಲ್ಲ. ಗೊತ್ತಲ್ವಾ?"

"ಗೊತ್ತು. ಮೊದಲು ಏಳಿ, ಮಂಡಿ ನೋಯುತ್ತೆ."

ಸಂಜೆ ತಾಯಂದಿರು ಮುತ್ತಿಕೊಂಡರು. "ನಾಳೆ ಬೆಳಿಗ್ಗೆ ನನ್ನ ಮಗೂನ ನಿಮ್ಮ ಸತ್ಯ ಎತ್ತಿಕೊಳ್ಳುತ್ತಾ?" ಎಂದು ಫಿಲೋಮೆನಾಳೇ ಕೂಗಿದಳು. ದಿಯೊಲಿಂಡಾ ಅವಳಿಗೊಂದು ಬಟ್ಟಲು ಸೊಪ್ಪಿನ ಸಾರು ಬಡಿಸಿ, "ಬೇರೆ ಮನೆ ಹುಡುಕ್ತೀನಿ, ಅಲ್ಲೀವರೆಗೂ ತಡ್ಕೊಳ್ಳಿ," ಎಂದಳು. ತಾಯಂದಿರು ಸರದಿಯ ಮೇಲೆ ಪಾಳಿ ಬಿಟ್ಟು, ಬೈದುಕೊಳ್ಳುತ್ತಲೇ ತಡೆದುಕೊಂಡರು. ಬ್ರೆಡ್ಡಿನಂಗಡಿಯ ಆಚೆ, ಈಚೆಗೆ ಕಟ್ಟಿದ, ಸೀಸದ ಬಣ್ಣ ಸೋಕದ ಒಂದು ಮನೆ ಕೊನೆಗೂ ಸಿಕ್ಕಿತು.

ಎತ್ತರಕ್ಕೇರಿ ಲೋಕವನ್ನು ಕಂಡವರನ್ನು ಲೋಕ ನೆನೆಯುತ್ತದೆ. ಆದರೆ ನಾವೆಲ್ಲ ಒಂದು ಕಾಲಕ್ಕೆ ನೆಲದಿಂದ ಗೇಣೆತ್ತರದಲ್ಲಿ ಬದುಕಿದವರು, ಕೈಗೆ ಸಿಕ್ಕಿದ್ದನ್ನು ಬಾಯಿಗಿಟ್ಟವರು. ನಾವು ಬದುಕಿ ಎದ್ದು ನಿಂತದ್ದು ನಮ್ಮ ಮಟ್ಟಕ್ಕೆ ಬಾಗಿದ ಯಾರೋ ಒಬ್ಬರಿಂದ. ಅಂಥವರ ಮುಖ ಮಾತ್ರ ನಮಗೆ ನೆನಪಿರುವುದಿಲ್ಲ.

ಕುರ್ಚಿ ತೊಟ್ಟಿಲುಗಳೆಲ್ಲ ಫಿಲೋಮೆನಾಳ ತಮ್ಮನ ಮೀನಿನ ಗಾಡಿ ಏರಿದ ಮೇಲೆ ದಿಯೊಲಿಂಡಾ ಬರಿದಾದ ಮನೆಯ ಬಾಗಿಲೆಳೆದಳು. ಮೈಮೇಲೆ ಅದೇ ಪ್ಯಾಂಟು.

"ಇವತ್ತಾದ್ರೂ ಒಳ್ಳೇ ಲಂಗ ಹಾಕ್ಕೋಬಾರ್ದಾ ತೀಯಾ?" ಎಂದೆ.

"ಆ ಮನೇಲಿ ನಾನಿನ್ನೂ ಹುಟ್ಟೇ ಇಲ್ಲ ಕಣೆ," ಎಂದಳು. "ಸಂಜೆಯೊಳಗೆ ಹತ್ತು ತಿಂಗಳಾಗ್ಬೇಕು."

ಎಡಕ್ಕೊಮ್ಮೆ, ಬಲಕ್ಕೊಮ್ಮೆ ವಾಲುತ್ತ ಮೆಟ್ಟಿಲಿಳಿದು ಹೋದಳು.