ನಗುವ ಮುಖಕ್ಕೆ ಗುರುತು

ನನ್ನ ತಂಗಿಯ ಪ್ರಬಂಧದ ಕೊನೆಯ ಪುಟವನ್ನು ನಮ್ಮ ಆಸ್ಪತ್ರೆಯ ನರ್ಸಿಂಗ್ ಮೇಡಂ ತಮ್ಮ ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದಾರೆ. ‘ಶಸ್ತ್ರಚಿಕಿತ್ಸೆಗೆ ಮುನ್ನ ನರ್ಸ್ ಜೊತೆಯಲ್ಲಿ ಕುಳಿತು ಮಾತನಾಡುವುದರಿಂದ ರೋಗಿಯ ಆತಂಕದಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ.’ ಆ ಸಾಲಿನ ಕೆಳಗೆ ಕೆಂಪು ಗೆರೆ ಬೇರೆ. ರಜೆ ಕೇಳಲು ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ, ಮೈಯೆಲ್ಲ ಉರಿದುಹೋಗುತ್ತದೆ. ಅದು ಶುದ್ಧ ಸುಳ್ಳು. ಬರೆದವಳಿಗೂ ಗೊತ್ತು, ನನಗೂ ಗೊತ್ತು. ನಾನು ಸರ್ಜರಿ ವಾರ್ಡಿನ ಹಿರಿಯ ನರ್ಸ್. ಹಿಂದಿನಿಂದ ಎಲ್ಲರೂ ನನ್ನನ್ನು ಮೆಣಸಿನಕಾಯಿ ಸಿಸ್ಟರ್ ಅನ್ನುತ್ತಾರೆ, ಅನ್ನಲಿ.

ನಮ್ಮ ಓಟಿಯ, ಅಂದರೆ ಆಪರೇಷನ್ ಥಿಯೇಟರಿನ, ಬಾಗಿಲಿಗೆ ತಾಗಿ ಒಂದು ಕೋಣೆ ಇದೆ. ಆಪರೇಷನ್‌ಗೆ ಹೋಗುವವರನ್ನು ಹಸಿರು ಗೌನ್ ತೊಡಿಸಿ, ಟ್ರಾಲಿ ಮೇಲೆ ಮಲಗಿಸಿ, ಅಲ್ಲಿ ಸಾಲಾಗಿ ನಿಲ್ಲಿಸಿರುತ್ತಾರೆ. ಅಷ್ಟೂ ಜನಕ್ಕೆ ನರ್ಸ್ ಒಬ್ಬಳೇ. ಅವಳೇ ಹೆಸರಿನ ಕೈಪಟ್ಟಿ ನೋಡಬೇಕು, ಡ್ರಿಪ್ ಹಾಕಬೇಕು, ಫೋನ್ ಎತ್ತಬೇಕು. ರೋಗಿಗೆ ಕಾಣುವುದು ಟ್ಯೂಬ್‌ಲೈಟು, ಕೇಳುವುದು ಒಳಗೆ ಟ್ರೇಯಲ್ಲಿ ಕತ್ತರಿ ಚಾಕುಗಳನ್ನು ಜೋಡಿಸುವ ಸದ್ದು. ಬಾಗಿಲ ಬಳಿ ನೆಲಕ್ಕೆ ಎಳೆದ ಕೆಂಪು ಗೆರೆ ದಾಟಿ ಮನೆಯವರು ಬರುವಂತಿಲ್ಲ. ಧೈರ್ಯವಂತರೂ ಅಲ್ಲಿ ನೀರಾಗಿಬಿಡುತ್ತಾರೆ.

ನಮ್ಮ ಅಪ್ಪ ಅಂಥದ್ದೇ ಕೋಣೆಯಿಂದ ಒಳಗೆ ಹೋದವರು ಮತ್ತೆ ಕಣ್ಣು ಬಿಡಲಿಲ್ಲ. ಟ್ರಾಲಿಯ ಕಂಬಿ ಹಿಡಿದುಕೊಂಡು ಹೋಗಿಬರುವವರನ್ನೆಲ್ಲ ಎಷ್ಟು ಹೊತ್ತಾಗುತ್ತೆ, ಎಷ್ಟು ಹೊತ್ತಾಗುತ್ತೆ ಎಂದು ಕೇಳುತ್ತಿದ್ದರಂತೆ. ಯಾರೂ ಉತ್ತರ ಕೊಡಲಿಲ್ಲವಂತೆ. ಪಕ್ಕದ ಟ್ರಾಲಿಯಲ್ಲಿದ್ದವರು ಆಮೇಲೆ ಇದನ್ನು ಅಮ್ಮನಿಗೆ ಹೇಳಿದರು. ಹೇಳಬಾರದಿತ್ತು. ಅಂದಿನಿಂದ ಅಮ್ಮನಿಗೆ ಆಸ್ಪತ್ರೆ ಎಂದರೆ ಭಯವಿಲ್ಲ, ಆ ಕೋಣೆ ಎಂದರೆ ಪ್ರಾಣಭಯ.

ತಂಗಿಯೂ ನರ್ಸೇ. ನನ್ನ ಹಾಗೆ ಬಾಯಿಬಡುಕಿಯಲ್ಲ, ಓದುವವಳು. ಮೇಲಿನ ಡಿಗ್ರಿಗೆ ಸಂಶೋಧನೆ ಮಾಡಬೇಕಾಗಿ ಬಂದಾಗ ಅವಳು ಆರಿಸಿಕೊಂಡದ್ದು ಆ ಕೋಣೆಯನ್ನೇ. ರೋಗಿಯ ಟ್ರಾಲಿ ಪಕ್ಕ ಒಂದು ಕುರ್ಚಿ ಹಾಕಿಕೊಂಡು ಕೂರುವುದು, ಒಳಗೆ ಏನೇನಾಗುತ್ತದೆ ಎಂದು ಬಿಡಿಸಿ ಹೇಳುವುದು, ಅವರು ಹೇಳಿದ್ದನ್ನು ಕೇಳುವುದು, ಕೈ ಚಾಚಿದರೆ ಹಿಡಿದುಕೊಳ್ಳುವುದು. ಇಷ್ಟೇ. ಆದರೆ ಎಲ್ಲರಿಗೂ ಅಲ್ಲ. ಒಂದು ಸ್ಟೀಲ್ ಡಬ್ಬಿಯಲ್ಲಿ ಚೀಟಿಗಳಿದ್ದವು. ಕೆಲವುಗಳಲ್ಲಿ ‘ಕುರ್ಚಿ’, ಕೆಲವುಗಳಲ್ಲಿ ‘ಮಾಮೂಲು’. ಕುರ್ಚಿ ಬಂದವರ ಪಕ್ಕ ಅವಳು ಕೂರಬೇಕು. ಮಾಮೂಲು ಬಂದವರು ಟ್ಯೂಬ್‌ಲೈಟ್ ನೋಡುತ್ತ ಮಲಗಬೇಕು. ಒಳಗೆ ಹೋಗುವ ಮುಂಚೆ ಎರಡೂ ಗುಂಪಿನವರ ಕೈಗೆ ಒಂದೊಂದು ಹಾಳೆ ಕೊಡುತ್ತಿದ್ದಳು. ಅದರಲ್ಲಿ ಮುಖಗಳ ಸಾಲು: ಒಂದು ತುದಿಯಲ್ಲಿ ನಗುವ ಮುಖ, ಇನ್ನೊಂದು ತುದಿಯಲ್ಲಿ ಅಳುವ ಮುಖ. ಈಗ ಮನಸ್ಸು ಹೇಗಿದೆಯೋ ಆ ಮುಖಕ್ಕೆ ಗುರುತು ಹಾಕಬೇಕು. ವ್ಯತ್ಯಾಸ ಕಂಡರೆ ಆ ಕೋಣೆಗೆಂದೇ ಒಬ್ಬ ನರ್ಸನ್ನು ಖಾಯಂ ಕೊಡುತ್ತೇವೆ ಎಂದು ಮೇಡಂ ಎಲ್ಲರ ಎದುರಿಗೇ ಹೇಳಿದ್ದರು.

ವ್ಯತ್ಯಾಸ ನನ್ನ ಕಣ್ಣಿಗೇ ಕಾಣುತ್ತಿತ್ತು. ಒಬ್ಬ ಲಾರಿ ಡ್ರೈವರ್, ಆನೆಯಂಥ ಆಳು, ಹರ್ನಿಯಾ ಆಪರೇಷನ್‌ಗೆ ಬಂದವನು ಕೈಕಾಲು ತಣ್ಣಗಾಗಿ ಮಲಗಿದ್ದ. ಅವನಿಗೆ ಕುರ್ಚಿ ಬಂತು. ಮೊದಲು ತೋಳಿನಲ್ಲಿ ತಣ್ಣಗೆ ಅನಿಸುತ್ತೆ, ಆಮೇಲೆ ಮಾಸ್ಕ್ ಇಡ್ತಾರೆ, ಉಸಿರು ಕಟ್ಟಲ್ಲ ಎಂದು ತಂಗಿ ಹೇಳಿದಳು. ಅವನು ತನ್ನ ಲಾರಿಯ ಬ್ರೇಕು ಫೇಲಾದ ಕಥೆ ಹೇಳಿದ. ಇಬ್ಬರೂ ನಕ್ಕರು. ಟ್ರಾಲಿ ಒಳಗೆ ಹೋಗುವಾಗ ಅವನು ಕೈ ಎತ್ತಿ ಟಾಟಾ ಮಾಡಿದ. ಅದೇ ದಿನ ಒಬ್ಬ ಬ್ಯಾಂಕ್ ಗುಮಾಸ್ತರಿಗೆ ಮಾಮೂಲು ಬಂತು. ಪಾಪ, ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕು ಅನ್ನುತ್ತಿದ್ದರು, ತುಟಿ ಒಣಗಿ ಅಂಟಿಕೊಂಡಿತ್ತು. ತಂಗಿ ಆಚೆ ಮುಖ ತಿರುಗಿಸಿ ನಿಂತಿದ್ದಳು. ಚೀಟಿ ಪ್ರಕಾರ ಅವಳು ಮಾತಾಡುವಂತಿರಲಿಲ್ಲ.

ಇನ್ನು ನಮ್ಮ ಅಮ್ಮ. ಟೈಲರ್ ಅಂಗಡಿಗಳಿಗೆ ಕಾಜಾ ಹೊಲಿದು, ಗುಂಡಿ ಹಾಕಿ ನಮ್ಮಿಬ್ಬರನ್ನು ಓದಿಸಿದವಳು. ಬೇಡವೆಂದರೂ ಕೇಳದೆ ದಿನಾ ಮಧ್ಯಾಹ್ನ ನನಗೆ ಊಟದ ಡಬ್ಬಿ ಹಿಡಿದು ವಾರ್ಡಿಗೆ ಬರುತ್ತಿದ್ದಳು. ನಾನು ಕೈ ತೊಳೆದು ಬರುವಷ್ಟರಲ್ಲಿ ಯಾರದ್ದೋ ಮಂಚದ ಪಕ್ಕ ಕೂತು ಅವರ ಸೊಸೆಯ ಗುಣಾವಗುಣ ವಿಚಾರಿಸುತ್ತಿದ್ದಳು. ನಾಳೆ ಆಪರೇಷನ್ ಇರುವವರೆಲ್ಲ ಮಲಗಿರುವುದು ನನ್ನ ವಾರ್ಡಿನಲ್ಲೇ. ತಂಗಿ ಮುಖಗಳ ಹಾಳೆಯನ್ನು ಮನೆಯಲ್ಲಿ ಪ್ರಿಂಟ್ ಹಾಕಿ ಜೋಡಿಸುವಾಗ ಅಮ್ಮ ನೋಡಿದ್ದಳು. ಅದು ಮಗಳಿಗೆ ರೋಗಿಗಳು ಕೊಡುವ ಮಾರ್ಕು ಎಂದುಕೊಂಡಳು. ಕೇಳಿದ್ದರೆ ಹೇಳುತ್ತಿದ್ದೆವು. ಅವಳು ಕೇಳಲಿಲ್ಲ, ಕೆಲಸಕ್ಕೆ ಇಳಿದಳು. ಚುನಾವಣೆಗೆ ನಿಂತವರ ಹಾಗೆ ಮಂಚದಿಂದ ಮಂಚಕ್ಕೆ ಹೋಗಿ ಎಲ್ಲರ ಕಿವಿಯಲ್ಲೂ ಒಂದೇ ಮಾತು ಹಾಕಿದಳು. ಕಷ್ಟಪಟ್ಟು ಓದಿದ ಮಗಳು, ಇದರ ಮೇಲೆ ಅವಳ ಪಾಸು ಫೇಲು ಇದೆ, ನಿಮಗೆ ಏನೇ ಅನ್ನಿಸಲಿ, ನಗುವ ಮುಖಕ್ಕೇ ಗುರುತು ಹಾಕಿ ಪುಣ್ಯ ಕಟ್ಟಿಕೊಳ್ಳಿ.

ಎಲ್ಲರೂ ಹಾಕಿದರು. ಕುರ್ಚಿಯವರು ನಗುತ್ತ ಹಾಕಿದರು, ಮಾಮೂಲಿನವರು ನಡುಗುತ್ತ ಹಾಕಿದರು. ಹಾಳೆಯಲ್ಲಿ ಎರಡೂ ಒಂದೇ.

ಲೆಕ್ಕವೆಲ್ಲ ಮುಗಿದ ದಿನ ತಂಗಿ ನನ್ನ ಹೆಗಲಿಗೆ ತಲೆಯಿಟ್ಟು ಅತ್ತಳು. ಕಣ್ಣಾರೆ ಕಂಡದ್ದು ಕಾಗದದಲ್ಲಿ ಯಾಕೆ ಇಲ್ಲ ಎಂದು ಅವಳಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ತಿಳಿದದ್ದು ಆ ಗುಮಾಸ್ತರು ಮತ್ತೆ ತೋರಿಸಿಕೊಳ್ಳಲು ಬಂದಾಗ.

“ನಿಮ್ಮ ತಂಗಿ ಪಾಸಾದ್ರಾ ಸಿಸ್ಟರ್? ಜೀವ ಬಾಯಿಗೆ ಬಂದಿತ್ತು, ಆದ್ರೂ ನಗೋ ಮುಖಕ್ಕೇ ಹಾಕ್ದೆ. ನಿಮ್ಮಮ್ಮ ಅಷ್ಟು ಕೇಳ್ಕೊಂಡಿದ್ರಲ್ಲ.”

ನನಗೆ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಅವತ್ತೇ ತಂಗಿಗೆ ಹೇಳಿದೆ. ಅವಳು ಲೆಕ್ಕಾಚಾರಕ್ಕಿಳಿದಳು. ಗೈಡಿಗೆ ಹೇಳಿದರೆ ಎಲ್ಲ ಮೊದಲಿನಿಂದ ಮಾಡಬೇಕು, ಒಂದು ವರ್ಷ ಹೋಗುತ್ತದೆ, ಕಾಲೇಜಿನಲ್ಲಿ ಖಾಲಿ ಇರುವ ಲೆಕ್ಚರರ್ ಕೆಲಸ ಕೈತಪ್ಪುತ್ತದೆ, ಹೆತ್ತ ತಾಯಿಯೇ ಕೆಡಿಸಿದಳು ಎಂದು ಊರೆಲ್ಲ ನಗುತ್ತದೆ. ವ್ಯತ್ಯಾಸ ಇಲ್ಲ ಅನ್ನುವುದೂ ಒಂದು ಫಲಿತಾಂಶವೇ ಅಲ್ಲವೇ ಎಂದು ನನ್ನನ್ನೇ ಕೇಳಿದಳು. ಮಣ್ಣಾಂಗಟ್ಟಿ ಫಲಿತಾಂಶ ಎಂದೆ. ಎರಡು ವಾರ ನಾವು ಮಾತು ಬಿಟ್ಟೆವು. ಅಷ್ಟರಲ್ಲಿ ಅವಳು ಪ್ರಬಂಧವನ್ನು ಇದ್ದ ಹಾಗೇ ಸಲ್ಲಿಸಿಬಿಟ್ಟಿದ್ದಳು. ಡಿಗ್ರಿ ಬಂತು, ಕೆಲಸವೂ ಬಂತು. ಅಮ್ಮ ಅವಳ ಕೋಟಿಗೆ ತಾನೇ ಗುಂಡಿ ಹೊಲಿದುಕೊಟ್ಟಳು. ತನ್ನಿಂದಲೇ ಮಗಳು ಪಾಸಾದಳು ಎಂದು ಒಳಗೊಳಗೇ ಹಿಗ್ಗಿದಳು.

ಮೇಡಂ ಆ ಪುಟ ಓದಿ ಕೈ ತೊಳೆದುಕೊಂಡರು. ಖಾಯಂ ನರ್ಸ್ ಇಲ್ಲ. ಕುರ್ಚಿ ಗೇಟಿನ ಕಾವಲುಗಾರನ ಪಾಲಾಯಿತು. ಅದರ ಬದಲು ಕೋಣೆಯ ಗೋಡೆಗೆ ಒಂದು ಟಿವಿ ಬಂತು, ಅದರಲ್ಲಿ ಬಣ್ಣಬಣ್ಣದ ಮೀನುಗಳು ಈಜುತ್ತವೆ. ಮುಖಗಳ ಹಾಳೆಯನ್ನು ಮಾತ್ರ ಉಳಿಸಿಕೊಂಡರು. ನೋಡಲು ಬರುವ ಅಧಿಕಾರಿಗಳಿಗೆ ತೋರಿಸಲು ಚೆನ್ನಾಗಿರುತ್ತದಂತೆ.

ಮುಂದಿನ ವರ್ಷ ಅಮ್ಮನಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಊಟದ ಡಬ್ಬಿ ತರುವುದು ನಿಂತಿತು. ಹೃದಯದ ಒಂದು ಕವಾಟ ಕಿರಿದಾಗಿದೆ, ಬೇರೆ ಹಾಕಬೇಕು, ತಡ ಮಾಡಿದರೆ ಕಷ್ಟ ಎಂದರು ಡಾಕ್ಟರು. ಅಮ್ಮ ಒಪ್ಪಿದಳು. ಒಪ್ಪುವಾಗ ಕೇಳಿದ್ದು ಒಂದೇ.

“ಆ ಕೋಣೇಲಿ ಚಿಕ್ಕವಳು ಪಕ್ಕದಲ್ಲಿ ಕೂತ್ಕೋತಾಳೆ ತಾನೇ? ಎಲ್ಲರಿಗೂ ಕೂತ್ಕೊಂಡೋಳು, ನನಗೆ ಕೂತ್ಕೊಳ್ಳಲ್ವಾ?”

ಕೂತ್ಕೋತಾಳೆ ಬಿಡಮ್ಮ ಎಂದೆ. ವ್ಯವಸ್ಥೆ ಮಾಡಬಹುದು ಎಂದುಕೊಂಡಿದ್ದೆ. ಆದರೆ ತಂಗಿ ಈಗ ಕಾಲೇಜಿನವಳು, ಓಟಿಗೆ ಹೊರಗಿನವಳು. ಅವಳನ್ನು ಗೆರೆ ದಾಟಲು ಬಿಡಲಿಲ್ಲ. ಅಮ್ಮ ಒಬ್ಬಳೇ ಮೀನು ನೋಡುತ್ತ ಮಲಗಿದಳು. ಹಿಂದಿನ ರಾತ್ರಿ ಕೊಟ್ಟ ನಿದ್ದೆ ಮಾತ್ರೆಯೂ ಕೆಲಸ ಮಾಡಲಿಲ್ಲ. ಬಿಪಿ ಏರಿತು, ಏರುತ್ತಲೇ ಹೋಯಿತು. ಅರಿವಳಿಕೆ ಡಾಕ್ಟರು ಇಂಥ ಬಿಪಿಯಲ್ಲಿ ಮುಟ್ಟುವುದಿಲ್ಲ ಎಂದು ವಾಪಸು ಕಳಿಸಿದರು. ಟ್ರಾಲಿ ಹೊರಗೆ ಬಂದಾಗ ಅವಳ ಗೌನು ಬೆವರಿಗೆ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು. ಎದೆ ಮೇಲಿನ ಫೈಲಿನಲ್ಲಿ ಹಾಳೆ ಇತ್ತು. ಅಮ್ಮ ನಗುವ ಮುಖಕ್ಕೇ ಗುರುತು ಹಾಕಿದ್ದಳು, ಗೆರೆ ಮಾತ್ರ ಸೊಟ್ಟಗೆ ಹೋಗಿತ್ತು.

ಎರಡನೇ ಸಲ ದಿನ ಕೊಟ್ಟಾಗ ನಾನು ಮೇಡಂ ಮುಂದೆ ನಿಂತೆ. ಸ್ವಲ್ಪ ಹೊತ್ತು ಅಮ್ಮನ ಪಕ್ಕ ಕೂರಲು ಬಿಡಿ ಎಂದು ಬೇಡಿಕೊಂಡೆ. ಯಾರ ಮುಂದೆಯೂ ತಗ್ಗದವಳು ತಗ್ಗಿದೆ. ಮೇಡಂ ಶಾಂತವಾಗಿ ವಿವರಿಸಿದರು. ಡ್ಯೂಟಿಯಲ್ಲಿದ್ದರೆ ನಾನು ವಾರ್ಡಿನಲ್ಲಿರಬೇಕು. ರಜೆ ಹಾಕಿದರೆ ನಾನು ರೋಗಿಯ ಮನೆಯವಳು, ಗೆರೆಯ ಹೊರಗೆ ಇರಬೇಕು. ನಿಮಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತೆ ಎಂದರು. ನಾನು ಎಲ್ಲರಿಗೂ ಬಿಡಿ ಎಂದೆ. ಆಗ ಅವರು ಗಾಜಿನ ಮೇಲೆ ಬೆರಳಿಟ್ಟರು.

“ಕೂತು ಮಾತಾಡಿದ್ರೆ ಏನೂ ಪ್ರಯೋಜನ ಇಲ್ಲ ಅಂತ ನಿಮ್ಮನೆಯವರೇ ಬರೆದುಕೊಟ್ಟಿದ್ದಾರಲ್ಲ ಸಿಸ್ಟರ್.”

ಎರಡನೇ ಸಲವೂ ಅಮ್ಮ ವಾಪಸು ಬಂದಳು. ಈ ಸಲ ಸರ್ಜನ್ ಸಿಡಿಮಿಡಿಗೊಂಡರು. ಇನ್ನೊಂದು ಸಲ ಹೀಗಾದರೆ ಹೃದಯ ಆಪರೇಷನ್ ತಡೆದುಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ ಎಂದು ನನಗೆ ಬಿಡಿಸಿ ಹೇಳಿದರು.

ಆ ಭಾನುವಾರ ತಂಗಿ ಮನೆಗೆ ಬಂದಳು. ಅಮ್ಮ ಒಳಕೋಣೆಯಲ್ಲಿ ಮಲಗಿದ್ದಳು. ನಾನು ತಂಗಿಯನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಓರೆ ಮಾಡಿದೆ. ನಾನು ಹೇಳಿದರೆ ಅಮ್ಮನಿಗಾಗಿ ಕಟ್ಟಿದ ಕಥೆ ಅನ್ನುತ್ತಾರೆ, ನಡೆದದ್ದನ್ನು ನೀನೇ ಮೇಡಂಗೆ ಬರೆದುಕೊಡು ಎಂದೆ. ರೋಗಿಗಳಿಗೆ ಅಮ್ಮ ಹೇಳಿಕೊಟ್ಟಿದ್ದಳು, ಫಲಿತಾಂಶ ನಂಬಬೇಡಿ ಎಂದು ಒಂದು ಸಾಲು ಬರೆದರೆ ಸಾಕು, ಆ ಗಾಜಿನಡಿಯ ಪುಟ ಕಿತ್ತುಬರುತ್ತದೆ, ಕುರ್ಚಿ ವಾಪಸು ಬರುತ್ತದೆ. ತಂಗಿ ಸಿಂಕಿನ ನಲ್ಲಿಯನ್ನೇ ನೋಡುತ್ತ ನಿಂತಳು.

“ಗೊತ್ತಿದ್ದೂ ಸಲ್ಲಿಸಿದ್ದೀನಿ ಅಂತ ಆಗುತ್ತೆ ಅಕ್ಕ. ಡಿಗ್ರಿ ಕಿತ್ಕೋತಾರೆ. ಕೆಲಸ ಹೋಗುತ್ತೆ.”

“ಅಮ್ಮ ಹೋಗ್ತಾಳೆ ಕಣೇ.”

“ಇನ್ನೊಂದು ಮಾತ್ರೆ ಕೊಟ್ಟು ನೋಡೋಕೆ ಹೇಳು. ಡೋಸ್ ಜಾಸ್ತಿ ಮಾಡ್ಲಿ.”

ನಾನು ಕೈ ಎತ್ತಿದ್ದೆ, ನಿಜ ಹೇಳುತ್ತೇನೆ, ಹೊಡೆದೇಬಿಡುತ್ತಿದ್ದೆ. ಅಷ್ಟರಲ್ಲಿ ಬಾಗಿಲು ಸರಿಯಿತು. ಅಮ್ಮ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಉಸಿರು ಹಿಡಿತಕ್ಕೆ ಬರಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ನೋಡಿದ್ದು ನನ್ನನ್ನಲ್ಲ, ಚಿಕ್ಕವಳನ್ನು.

“ನಾನು ನಗೋ ಮುಖಕ್ಕೆ ಹಾಕಿ ಅಂದಿದ್ದಕ್ಕಾ ಕುರ್ಚಿ ಹೋಗಿದ್ದು?”

ಅಮ್ಮ ನೆಲಕ್ಕೆ ಕೂತಳು. ಸೆರಗಿನ ಅಂಚನ್ನು ಬೆರಳಲ್ಲಿ ಮಡಚಿದಳು, ಬಿಡಿಸಿದಳು. ಇಷ್ಟು ವರ್ಷದಲ್ಲಿ ಅವಳು ಒಂದೇ ಒಂದು ಕಾಜಾ ತಪ್ಪಾಗಿ ಹೊಲಿದದ್ದನ್ನು ನಾನು ನೋಡಿರಲಿಲ್ಲ. ನನಗೆ ಅವಳ ಮೇಲೆ ಸಿಟ್ಟೂ ಬಂತು, ಪಾಪವೂ ಅನಿಸಿತು. ತಂಗಿ ಅಳುತ್ತ ಅವಳ ಕಾಲ ಬಳಿ ಕೂತಳು. ನಾಳೆಯೇ ಬರೆದುಕೊಡ್ತೀನಿ ಅನ್ನುತ್ತಾಳೆ ಎಂದು ನಾನು ಕಾದೆ. ಅವಳು ಬರೀ ಅತ್ತಳು.

ಮೂರನೇ ಸಲದ ದಿನ ಬಂತು. ನಾನು ಬಟ್ಟೆ ಚೀಲ ತುಂಬಿಸಿದೆ, ಆಟೋ ಕರೆಸಿದೆ. ಅಮ್ಮ ಮಂಚದಿಂದ ಏಳಲಿಲ್ಲ. ಹೆದರಿಕೆ ಇರಬೇಕು ಎಂದು ಎಲ್ಲ ಹೇಳಿದೆ, ತೋಳು ತಣ್ಣಗಾಗುತ್ತೆ, ಮಾಸ್ಕ್ ಇಡ್ತಾರೆ, ಇಂತಿಷ್ಟು ಹೊತ್ತು ಹಿಡಿಯುತ್ತೆ. ತಂಗಿ ಹೇಳುತ್ತಿದ್ದ ಮಾತುಗಳನ್ನೇ ಹೇಳಿದೆ. ಅಮ್ಮ ಎಲ್ಲ ಕೇಳಿಸಿಕೊಂಡಳು.

“ಹೆದರಿಕೆ ಇದ್ದೇ ಇದೆ ಕಣೇ. ಅದಕ್ಕೇ ಹೋಗಲ್ಲ. ನಾನು ಮತ್ತೆ ಹೋಗಿ ಬಿಪಿ ಏರಿಸ್ಕೊಂಡ್ರೆ, ಯಾಕೆ ಹೀಗಾಯ್ತು ಅಂತ ಒಬ್ಬರಾದ್ರೂ ಕೆದಕ್ತಾರೆ. ಪಕ್ಕ ಯಾರೂ ಕೂತಿರಲಿಲ್ಲ, ಅದಕ್ಕೇ ಅಂತ ಗೊತ್ತಾದ್ರೆ ಚಿಕ್ಕವಳು ಬರೆದಿದ್ದೆಲ್ಲ ಸುಳ್ಳು ಅಂತ ಆಗುತ್ತೆ. ಕೆಡಿಸಿದ್ದು ನಾನು. ಇನ್ನೊಂದು ಸಲ ಕೆಡಿಸಲ್ಲ.”

ಬೈದೆ, ಅಂಗಲಾಚಿದೆ, ಆಟೋದವನೂ ಒಳಗೆ ಬಂದು ಹೇಳಿ ನೋಡಿದ. ಅಮ್ಮ ಗೋಡೆ ಕಡೆ ತಿರುಗಿ ಮಲಗಿದಳು. ಆಟೋ ಖಾಲಿ ಹೋಯಿತು.

ಅದಾಗಿ ಮಳೆಗಾಲ ಕಳೆದಿದೆ. ಈಗ ಆಪರೇಷನ್ ಮಾತು ಯಾರೂ ಎತ್ತುವುದಿಲ್ಲ, ಎತ್ತುವ ಕಾಲ ಮುಗಿದಿದೆ. ಅಮ್ಮ ದಿಂಬುಗಳಿಗೆ ಒರಗಿ ಕೂತೇ ನಿದ್ದೆ ಮಾಡುತ್ತಾಳೆ, ಮಲಗಿದರೆ ಉಸಿರು ಕಟ್ಟುತ್ತದೆ. ಕೆಲಸ ಮುಗಿಸಿ ಬಂದು ನಾನು ಅವಳ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಇಲ್ಲಿ ಕೂರಬೇಡ ಎಂದು ಹೇಳುವವರು ಯಾರೂ ಇಲ್ಲ.

ಭಾನುವಾರ ತಂಗಿ ಬರುತ್ತಾಳೆ. ಅವಳ ಚಪ್ಪಲಿ ಸದ್ದು ಕೇಳಿದೊಡನೆ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕೂರುತ್ತಾಳೆ. ಹೇಗಿದ್ದೀಯಮ್ಮ ಎಂದು ಅವಳು ಬಾಗಿಲಲ್ಲೇ ಕೇಳುತ್ತಾಳೆ. ಅಮ್ಮ ಬಾಯ್ತುಂಬ ನಗುತ್ತಾಳೆ, ಥೇಟ್ ಆ ಹಾಳೆಯ ಮೊದಲನೇ ಮುಖ. ಅಮ್ಮ ಈ ವಾರ ಚೆನ್ನಾಗಿದ್ದಾಳಲ್ಲ ಅಕ್ಕ ಎಂದು ತಂಗಿ ನನ್ನ ಕಡೆ ನೋಡಿ, ಕೈಚೀಲವನ್ನು ಮೊಳೆಗೆ ತಗುಲಿಹಾಕುತ್ತಾಳೆ.